ನೋ ಯುವರ್ ಕ್ಯಾಂಡಿಡೇಟ್ ಆ್ಯಪ್: ಉಮೇದುವಾರರ ಕಡತ ಅಂಗೈಯಲ್ಲಿ

ಚುನಾವಣಾ ಆಯೋಗವು 2022ರ ಆರಂಭದಲ್ಲಿ, ಐದು ರಾಜ್ಯಗಳ ವಿಧಾನಸಭಾ ಚುನಾವಣೆಯ ಹೊತ್ತಿಗೆ ಬಿಡುಗಡೆ ಮಾಡಿದ ಈ ಉಚಿತ ಆ್ಯಪ್‌ನ ಕೆಲಸ ಸರಳ. ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಉಮೇದುವಾರರ ಭಾವಚಿತ್ರಗಳು ಸಾಲಾಗಿ ಬರುತ್ತವೆ. ಪ್ರತಿಯೊಬ್ಬರ ಎದುರಿಗೂ ಕ್ರಿಮಿನಲ್ ಹಿನ್ನೆಲೆ ಉಂಟೋ ಇಲ್ಲವೋ ಎಂಬ ಒಂದು ಪದದ ಉತ್ತರವೂ, ನಾಮಪತ್ರದೊಂದಿಗೆ ಸಲ್ಲಿಸಿದ ಪ್ರಮಾಣಪತ್ರವೂ ಇರುತ್ತವೆ.

ಮತದಾರರು ಮೊದಲು ನೋಡುವುದು ಆ ಒಂದು ಪದವನ್ನು. ನನ್ನ ದೃಷ್ಟಿಯಲ್ಲಿ ಆ್ಯಪ್‌ನ ಅತ್ಯಂತ ದುರ್ಬಲ ಭಾಗವೂ ಅದೇ. ರಸ್ತೆ ತಡೆ ಚಳವಳಿಯಲ್ಲಿ ಕುಳಿತವರಿಗೂ ಕೊಲೆ ಯತ್ನದ ಆರೋಪ ಹೊತ್ತವರಿಗೂ ಅಲ್ಲಿ ಸಿಗುವುದು ಒಂದೇ 'ಹೌದು'. ಆ 'ಹೌದು' ಯಾರ ಗೆಲುವನ್ನೂ ಅಷ್ಟಾಗಿ ತಡೆದಂತೆ ಕಾಣುವುದಿಲ್ಲ. ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆಯ ಲೆಕ್ಕದಂತೆ, ತಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿವೆ ಎಂದು ಘೋಷಿಸಿಕೊಂಡೇ ಲೋಕಸಭೆಗೆ ಆಯ್ಕೆಯಾದವರು 2009ರಲ್ಲಿ 162 ಮಂದಿಯಿದ್ದರೆ, 2024ರಲ್ಲಿ ಅವರ ಸಂಖ್ಯೆ 251ಕ್ಕೆ ಏರಿತು.

ಆದ್ದರಿಂದ ಆ ಪದವನ್ನು ದಾಟಿ ನಮೂನೆ 26ನ್ನೇ, ಅಂದರೆ ಆ ಪ್ರಮಾಣಪತ್ರವನ್ನೇ ತೆರೆಯಬೇಕು. ಇದು ನೋಟರಿಯ ಮುದ್ರೆ ಬಿದ್ದ, ಪುಟಪುಟಕ್ಕೂ ಸಹಿಯಿರುವ ಉದ್ದನೆಯ ಕೋಷ್ಟಕ. ಇದರಲ್ಲಿ ಉಮೇದುವಾರ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು ಎಂಬ ಅಂಕಣಗಳ ಅಡಿಯಲ್ಲಿ ಕೈಯಲ್ಲಿರುವ ನಗದಿನಿಂದ ಹಿಡಿದು ಬಂಗಾರದ ತೂಕದವರೆಗೆ, ಬ್ಯಾಂಕ್ ಸಾಲದಿಂದ ಹಿಡಿದು ಸರ್ಕಾರಕ್ಕೆ ಕೊಡಬೇಕಾದ ಬಾಕಿಯವರೆಗೆ ಎಲ್ಲವನ್ನೂ ಬರೆಯಬೇಕು. 2019ರಿಂದ ಐದು ವರ್ಷಗಳ ಆದಾಯವನ್ನೂ ವಿದೇಶದಲ್ಲಿರುವ ಆಸ್ತಿಯನ್ನೂ ತೋರಿಸಬೇಕಾಗಿದೆ. 2024ರಲ್ಲಿ ವಾರಾಣಸಿಯಿಂದ ಸ್ಪರ್ಧಿಸಿದ ನರೇಂದ್ರ ಮೋದಿಯವರ ಪ್ರಮಾಣಪತ್ರದಲ್ಲಿ 45 ಗ್ರಾಂ ತೂಕದ ನಾಲ್ಕು ಚಿನ್ನದ ಉಂಗುರಗಳೂ 52,920 ರೂಪಾಯಿ ನಗದೂ ನಮೂದಾಗಿದ್ದವು. ಸ್ವಂತ ಮನೆ, ಜಮೀನು, ಕಾರು ಇರಲಿಲ್ಲ. ಅದೇ ಚುನಾವಣೆಯಲ್ಲಿ ಮೈಸೂರಿನ ಯದುವೀರ ಒಡೆಯರ್ ಕೂಡ ತಮಗೆ ಸ್ವಂತ ಮನೆ, ಜಮೀನು, ಕಾರು ಇಲ್ಲವೆಂದು ಘೋಷಿಸಿದ್ದರು. ಮೋದಿಯವರ ಪಟ್ಟಿ ಅವರ ಬೆಂಬಲಿಗರಿಗೆ ಸರಳ ಬದುಕಿನ ಸಾಕ್ಷಿಯಾಯಿತು. ಅರಮನೆಯ ಊರಿನಲ್ಲಿ ಯದುವೀರರ ಪಟ್ಟಿ ಕುತೂಹಲವನ್ನೂ ಸ್ವಲ್ಪ ನಗುವನ್ನೂ ಹುಟ್ಟಿಸಿತು. ನಮೂನೆಯ ಸಾಲುಗಳು ಒಂದೇ ಆಗಿದ್ದರೂ ಹೆಸರಿನ ಮೇಲೆ ಬೀಳುವ ಬೆಳಕು ಬೇರೆ ಬೇರೆಯಾಗಿರುತ್ತದೆ.

ಹುದ್ದೆ ದೊಡ್ಡದಾದಷ್ಟೂ ಈ ಕೋಷ್ಟಕವನ್ನು ಓದುವ ಕಣ್ಣುಗಳು ಹೆಚ್ಚು. ಅಂಕಣಗಳನ್ನು ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಗುಜರಾತ್ ವಿಧಾನಸಭಾ ಚುನಾವಣೆಗಳಲ್ಲಿ ಸಂಗಾತಿಯ ಅಂಕಣವನ್ನು ಖಾಲಿ ಬಿಟ್ಟಿದ್ದ ಮೋದಿಯವರು, ಪ್ರಧಾನಿ ಅಭ್ಯರ್ಥಿಯಾಗಿ 2014ರಲ್ಲಿ ವಡೋದರದಲ್ಲಿ ನಾಮಪತ್ರ ಸಲ್ಲಿಸಿದಾಗ ಅಲ್ಲಿ ಪತ್ನಿಯ ಹೆಸರನ್ನು ಬರೆದರು. ಹಲವು ವರ್ಷ ಮುಖ್ಯಮಂತ್ರಿಯಾಗಿದ್ದವರ ಖಾಸಗಿ ಬದುಕಿನ ಒಂದು ಸಂಗತಿ ಹೀಗೆ ಒಂದು ಅಂಕಣದಿಂದ ದೇಶದ ಮುಖಪುಟಕ್ಕೆ ಬಂದಿತು. ವಿರೋಧಿಗಳು ಅದನ್ನು ದೊಡ್ಡದು ಮಾಡಿದರಾದರೂ ಫಲಿತಾಂಶದಲ್ಲಿ ಅದರ ಗುರುತೇ ಕಾಣಲಿಲ್ಲ.

ಆಸ್ತಿಯ ವಿಷಯ ಹಾಗಲ್ಲ, ಅದು ಹೆಸರಿಗೆ ಅಂಟಿಕೊಳ್ಳುತ್ತದೆ. ಕನಕಪುರದಿಂದ ಸ್ಪರ್ಧಿಸುವ ಡಿ.ಕೆ. ಶಿವಕುಮಾರ್ ಅವರ, ಕುಟುಂಬದವರದೂ ಸೇರಿದ, ಘೋಷಿತ ಆಸ್ತಿ 2013ರಲ್ಲಿ ಸುಮಾರು 251 ಕೋಟಿ, 2018ರಲ್ಲಿ 840 ಕೋಟಿ, ಮುಖ್ಯಮಂತ್ರಿ ಸ್ಥಾನದ ಆಕಾಂಕ್ಷಿಯಾಗಿದ್ದ 2023ರಲ್ಲಿ 1,413 ಕೋಟಿ. ಪ್ರಮಾಣಪತ್ರದಲ್ಲಿ ಸ್ಥಿರಾಸ್ತಿಗೆ ಪ್ರಸ್ತುತ ಮಾರುಕಟ್ಟೆ ಬೆಲೆ ಹಾಕುವುದರಿಂದ, ಹೊಸದಾಗಿ ಒಂದು ಗುಂಟೆ ಕೊಳ್ಳದೆಯೂ ಅಂಕಿ ಏರಬಹುದೆಂಬುದನ್ನು ಓದುಗರು ಮರೆಯಬಾರದು. ಆದರೆ ಚಹಾ ಅಂಗಡಿಯ ಮಾತಿನಲ್ಲಿ ಉಳಿಯುವುದು ಕೊನೆಯ ಅಂಕಿಯೊಂದೇ, ಬೆಲೆ ಕಟ್ಟಿದ ರೀತಿಯಲ್ಲ.

ಇಂಥ ಹೋಲಿಕೆಗೆ ಈ ಆ್ಯಪ್ ಸಾಲದು. ಪ್ರಮಾಣಪತ್ರಗಳು ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ಪದ ಹುಡುಕಿ ಓದಲು ಬರುವುದಿಲ್ಲ, ಕೈಬರಹದವಂತೂ ಕಣ್ಣಿಗೆ ಕಷ್ಟ. ಹಿಂದಿನ ಚುನಾವಣೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಎಡಿಆರ್ ನಡೆಸುವ ಮೈನೇತಾ ಜಾಲತಾಣಕ್ಕೇ ಹೋಗಬೇಕು. ಮೂಲ ದಾಖಲೆಯನ್ನು ಯಾರ ವ್ಯಾಖ್ಯಾನವೂ ಇಲ್ಲದೆ ಕೈಗಿಡುತ್ತದೆ ಎಂಬುದಕ್ಕಾಗಿ ಆ್ಯಪ್‌ಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಹೊಸಬರು 'ಹೌದು, ಇಲ್ಲ'ದಲ್ಲೇ ನಿಲ್ಲದೆ, ಪ್ರಕರಣ ಯಾವ ಕಲಮಿನಡಿ ದಾಖಲಾಗಿದೆ, ನ್ಯಾಯಾಲಯ ಆರೋಪ ನಿಗದಿ ಮಾಡಿದೆಯೇ ಎಂಬ ಸಾಲುಗಳನ್ನು ಮೊದಲು ಓದಲಿ, ಆಮೇಲೆ ಸರ್ಕಾರಿ ಬಾಕಿಯ ಪುಟಕ್ಕೆ ಬರಲಿ.