ಸದ್ದಿಲ್ಲದ ಡ್ರೈವ್ ಬೇಕಾ, ವೇಗದ್ದು ಬೇಕಾ?

ತುಮಕೂರಿನಲ್ಲಿ ರಾತ್ರಿ 10 ಗಂಟೆ ದಾಟಿದರೆ ನಮ್ಮ ಬೀದಿ ತಣ್ಣಗಾಗುತ್ತದೆ. ಆಗ ನಮ್ಮ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕಿನ ಕರಕರ ಸದ್ದು ಪಕ್ಕದ ರೂಮಿನಲ್ಲಿ ಮಲಗಿದ ಅಮ್ಮನಿಗೂ ಕೇಳಿಸುತ್ತಿತ್ತು.

ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ವೇಗದ್ದು, ಆದರೆ ಗುಂಯ್ ಅನ್ನುವ ಸದ್ದು, ಬಿಸಿ ಎರಡೂ ಜಾಸ್ತಿ. 5400 ಸುತ್ತಿನದು ಮೆತ್ತಗೆ ಓಡುತ್ತದೆ, ಸ್ವಲ್ಪ ನಿಧಾನ. ಚಿಪ್ಪುಗಳಲ್ಲೇ ಎಲ್ಲ ತುಂಬಿಡುವ ಡ್ರೈವ್, ಅಂದರೆ ಎಸ್‌ಎಸ್‌ಡಿಯ ಕಥೆಯೇ ಬೇರೆ. ಒಳಗೆ ತಿರುಗುವ ತಟ್ಟೆಯೇ ಇಲ್ಲ, ಸದ್ದು ಎಲ್ಲಿಂದ ಬರಬೇಕು? ಸಾಟಾ ಅನ್ನುವ ಮಾಮೂಲಿ ಕನೆಕ್ಷನ್ನಿನ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. 7200ರ ಡಿಸ್ಕ್ ಹೆಚ್ಚಾಗಿ 200ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಚಿಕ್ಕ ಚಿಕ್ಕ ಫೈಲುಗಳಲ್ಲಂತೂ ಅಂತರ ಇನ್ನೂ ದೊಡ್ಡದು. ಡಿಸ್ಕಿನ ತಟ್ಟೆಯ ಮೇಲೆ ಓದುವ ಹೆಡ್ಡು ಜಾಗ ಹುಡುಕಿಕೊಂಡು ಓಡಾಡಬೇಕಲ್ವಾ! ಎನ್‌ವಿಎಂಇ ಅನ್ನುವ ಬಗೆಯ ಎಸ್‌ಎಸ್‌ಡಿ ಇನ್ನೂ ವೇಗ, ಆದರೆ ನಿಮ್ಮ ಮದರ್‌ಬೋರ್ಡಿನಲ್ಲಿ (ಕಂಪ್ಯೂಟರಿನ ಮುಖ್ಯ ಬೋರ್ಡು) ಅದಕ್ಕೆ ಜಾಗ ಇದೆಯಾ ನೋಡಿಕೊಳ್ಳಿ.

ನನ್ನ ಮಾತು ಕೇಳುವುದಾದರೆ, ವಿಂಡೋಸಿಗೆ 500 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಮದುವೆ ವಿಡಿಯೋ, ಫೋಟೋ ತುಂಬಿಡಲು 5400ರ ಡಿಸ್ಕ್ ಸಾಕು, ಅದೇ ದುಡ್ಡಿಗೆ ಜಾಗ ಜಾಸ್ತಿ. ಡಿಸ್ಕ್ ಕೂರಿಸುವಾಗ ಸ್ಕ್ರೂಗೆ ರಬ್ಬರ್ ವಾಷರ್ ಹಾಕಿಸಿ. ನಮ್ಮನೆ ಕಂಪ್ಯೂಟರ್ ಕ್ಯಾಬಿನೆಟ್ಟಿನ ತಗಡು ನಡುಗುವುದು ಅದರಿಂದಲೇ ನಿಂತಿತು.