ಒಂದೇ ಆ್ಯಪ್‌ನಲ್ಲಿ ಇಡೀ ಮನೆ ಎಂದರು, ಮೋಟಾರ್ ಸುಟ್ಟುಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ಮನೆಯ ನೀರಿನ ಮೋಟಾರನ್ನು ಇಂಟರ್ನೆಟ್ ನಂಬಿ ಬಿಡಬೇಡಿ. ಯಾಕೆ ಅನ್ನುವವರು ಮುಂದೆ ಓದಿ.

ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ. ಮನೆ ಮುಗಿಯುವ ಹೊತ್ತಿಗೆ ಸ್ಮಾರ್ಟ್ ಹೋಮ್ ಮಾಡಿಕೊಡುವ ಒಬ್ಬ ಹುಡುಗ ಪರಿಚಯವಾದ. ಮಾತು ಬಲು ಸವಿ. "ಸರ್, ನೀವು ಚಿಂತಿ ಮಾಡಬ್ಯಾಡ್ರಿ. ಯಾವ ಕಂಪನಿದರ ಇರಲಿ, ಎಲ್ಲಾ ಒಂದೇ ಆ್ಯಪ್‌ನಾಗ ತಂದು ಕೊಡ್ತೀನಿ" ಅಂದ. ತಂದೂ ಕೊಟ್ಟ, ಸುಳ್ಳು ಹೇಳಬಾರದು. ಹದಿನಾಲ್ಕು ಸ್ವಿಚ್, ಎರಡು ಕ್ಯಾಮೆರಾ, ಬಾಗಿಲಿಗೆ ಬೆರಳಚ್ಚಿನ ಬೀಗ, ಎಸಿ ರಿಮೋಟಿನ ಕೆಲಸ ಮಾಡುವ ಒಂದು ಸಣ್ಣ ಡಬ್ಬಿ, ಮಾಳಿಗೆ ಮೇಲಿನ ಟ್ಯಾಂಕಿಗೆ ನೀರಿನ ಮಟ್ಟ ನೋಡುವ ಸೆನ್ಸರ್, ಸಂಪಿನ ಮೋಟಾರಿಗೆ ಒಂದು ಸ್ವಿಚ್. ಎಲ್ಲಾ ಸೇರಿ 1,35,000 ರೂಪಾಯಿ. ಲೆಕ್ಕ ಹಾಕಿದರೆ ಐದು ಕಂಪನಿಗಳ ಸಾಮಾನು. ಪ್ರತಿ ಡಬ್ಬಿಯ ಮೇಲೂ "ಇದರ ಜೊತೆ ಕೆಲಸ ಮಾಡುತ್ತದೆ, ಅದರ ಜೊತೆ ಕೆಲಸ ಮಾಡುತ್ತದೆ" ಅನ್ನುವ ಗುರುತುಗಳ ಸಾಲು.

ಮೊದಲ ಬೇಸಿಗೆ ನಾನು ರಾಜನ ಹಾಗೆ ಇದ್ದೆ. ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, 42-43 ಡಿಗ್ರಿ. ಆಫೀಸಿನಿಂದ ಹೊರಡುವಾಗಲೇ ಫೋನಿನಲ್ಲಿ ಕೂಲರ್ ಹಚ್ಚುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಹಾಲ್ ತಣ್ಣಗೆ. ಮಾತಿನಲ್ಲಿ ಹೇಳಿದರೆ ಪಂಖಾ ತಿರುಗಿಸುವ ಸ್ಪೀಕರ್ ಒಂದಿತ್ತು. ಅವ್ವ ಅದಕ್ಕೆ ನಾಲ್ಕು ದಿನ "ಏ ಪಂಖಾ ಹಚ್ಚೋ ತಮ್ಮಾ" ಅಂದು ನೋಡಿದಳು. ಅದು ಸುಮ್ನೆ ಕೂತಿತು. ಐದನೇ ದಿನ ಎದ್ದು ತಾನೇ ಹಚ್ಚಿಕೊಂಡಳು.

ಎಲ್ಲಕ್ಕಿಂತ ಜಾಸ್ತಿ ಮೆಚ್ಚಿದ್ದು ಮೋಟಾರ್ ವ್ಯವಸ್ಥೆಯನ್ನು. ಟ್ಯಾಂಕ್ ಶೇ. 30ಕ್ಕೆ ಇಳಿದರೆ ಮೋಟಾರ್ ತಾನೇ ಶುರು, ತುಂಬಿದರೆ ತಾನೇ ಬಂದ್. ಬಂದ ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಹೋದ ವರ್ಷ ಹುಮನಾಬಾದ್‌ನಲ್ಲಿ ಹತ್ತಿರದವರ ಮದುವೆ. ಮನೆಗೆ ಬೀಗ ಹಾಕಿ ಎಲ್ಲರೂ ಹೋಗಿದ್ದೆವು. ಅಕ್ಕಿಕಾಳು ಬೀಳುವುದಕ್ಕೆ ಸ್ವಲ್ಪ ಮೊದಲು, 11.50ಕ್ಕೆ, ಪಕ್ಕದ ಮನೆ ಅಕ್ಕನ ಫೋನ್. "ನಿಮ್ಮ ಮಾಳಿಗಿ ಮ್ಯಾಲಿಂದ ನೀರು ಸುರೀಲಾಕತ್ತದ ನೋಡ್ರಿ." ಆ್ಯಪ್ ತೆಗೆದೆ. ಮೋಟಾರ್: ಆಫ್‌ಲೈನ್. ಟ್ಯಾಂಕ್: ಶೇ. 28. ಮಾಳಿಗೆ ತುಂಬಿ ಓಣಿಗೆ ನೀರು ಹರಿಯುತ್ತಿದೆ, ಆ್ಯಪ್ ಮಾತ್ರ ಶೇ. 28 ಅನ್ನುತ್ತಿದೆ. ಮೋಟಾರಿನ ಸ್ವಿಚ್ ಮನೆಯೊಳಗೆ, ಬಾಗಿಲಿನ ಬೀಗವೂ ಆಫ್‌ಲೈನ್. ಹುಮನಾಬಾದಿನಲ್ಲಿ ನಿಂತು ಏನು ಮಾಡಲಿ?

12.15ಕ್ಕೆ ಅಕ್ಕನೇ ಮತ್ತೆ ಫೋನ್ ಮಾಡಿದರು. "ನೀರು ನಿಂತದ್ರಿ ಈಗ, ಆರಾಮ ಊಟ ಮಾಡ್ರಿ." ನಾನು ನಿಟ್ಟುಸಿರು ಬಿಟ್ಟು ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡೆ. ನೀರು ಯಾಕೆ ನಿಂತಿತು ಎಂದು ತಲೆಗೆ ಹೊಳೆಯಲೇ ಇಲ್ಲ. ಮೋಟಾರ್ ನಿಂತಿರಲಿಲ್ಲ, ಸಂಪು ಬರಿದಾಗಿತ್ತು.

ಸಂಜೆ ನಾಲ್ಕಕ್ಕೆ ಬಂದಾಗ ಸಂಪಿನ ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಕರೆಂಟ್ ಕಡಿಯುವ ಎಂಸಿಬಿ ಬಿದ್ದಿತ್ತು. ನಮ್ಮದು ನೀರಿನಲ್ಲಿ ಮುಳುಗಿರುವ ಒಂದು ಎಚ್‌ಪಿ ಮೋಟಾರ್. ಅದನ್ನು ತಣ್ಣಗಿಡುವುದೇ ಸುತ್ತಲಿನ ನೀರು. ನೀರಿಲ್ಲದೆ ತಾಸುಗಟ್ಟಲೆ ಓಡಿ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಟ್ಟಿತ್ತು. ನೀರು ನಮ್ಮ ಓಣಿಗೆ ದಿನಾ ಬರುವುದಿಲ್ಲ. ಆ ಅರ್ಧ ಸಂಪು ಹೋದದ್ದಕ್ಕೆ ಎರಡು ಟ್ಯಾಂಕರ್ ತರಿಸಬೇಕಾಯಿತು. ಸುಟ್ಟ ಮೋಟಾರಿಗಿಂತ ಅದೇ ಹೆಚ್ಚು ಹೊಟ್ಟೆ ಉರಿಸಿತು.

ಇನ್ನು ಕಾರಣ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಇಡೀ ಕಥೆಯಲ್ಲಿ ಯಾವ ಸಾಮಾನೂ ಕೆಟ್ಟಿರಲಿಲ್ಲ. ಆವತ್ತು ನಮ್ಮ ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿತ್ತು, ಫೈಬರ್ ಕೇಬಲ್ ಕತ್ತರಿಸಿತ್ತು. ಮೋಟಾರ್ ಶುರುವಾದ ಕೆಲವೇ ನಿಮಿಷಕ್ಕೆ ನೆಟ್ ಹೋಯಿತು. ಸೆನ್ಸರ್ "ತುಂಬಿತು" ಅಂದಿತ್ತು, ಅದರ ಮಾತು ಮುಂದೆ ದಾಟಿಸುವ ಡಬ್ಬಿಯಾದ ಹಬ್‌ನಲ್ಲಿ 11.34ಕ್ಕೆ ದಾಖಲೆಯೂ ಇತ್ತು. ಆದರೆ ಸೆನ್ಸರ್ ಒಂದು ಕಂಪನಿಯದು, ಮೋಟಾರ್ ಸ್ವಿಚ್ ಇನ್ನೊಂದು ಕಂಪನಿಯದು. ಎರಡಕ್ಕೂ ಇರುವ ಅಂತರ ಹೆಚ್ಚೆಂದರೆ ಮೂವತ್ತು ಅಡಿ. ಮಾತು ಮಾತ್ರ ಹೋಗುವುದು ಹೀಗೆ: ಸೆನ್ಸರ್‌ನಿಂದ ಹಬ್ಬಿಗೆ, ಅಲ್ಲಿಂದ ಎಲ್ಲೋ ದೂರದ ಆ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಈ ಕಂಪನಿಯ ಸರ್ವರ್‌ಗೆ, ಮತ್ತೆ ತಿರುಗಿ ಸೇಡಂ ರಸ್ತೆಗೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತಿದ್ದರೂ ನಡುವೆ ಇಬ್ಬರು ದಲ್ಲಾಳಿಗಳು ಕೂತ ಹಾಗೆ. ದಲ್ಲಾಳಿ ಅಂಗಡಿ ಮುಚ್ಚಿದ ದಿನ ವ್ಯಾಪಾರ ಬಂದ್. "ಹಚ್ಚು" ಅನ್ನುವ ಮಾತು ತಲುಪಿತ್ತು, "ಆರಿಸು" ಅನ್ನುವುದು ದಾರಿಯಲ್ಲೇ ನಿಂತಿತು. ಸ್ವಿಚ್ಚಿನದೇನು ತಪ್ಪು? ಕೊನೆಗೆ ಕೇಳಿದ ಮಾತನ್ನು ಪಾಲಿಸುತ್ತಾ ಕೂತಿತ್ತು.

ಎರಡು ಸರ್ವರ್‌ಗಳು ಮಾತಾಡಿಕೊಳ್ಳುವ ಆ ಕಿಟಕಿಗೇ ಎಪಿಐ ಅನ್ನುತ್ತಾರೆ. ಕಿಟಕಿ ಅವರದು, ಅಗಳಿಯೂ ಅವರ ಕೈಯಲ್ಲೇ. ಇದು ನನಗೆ ಸರಿಯಾಗಿ ತಿಳಿದದ್ದು ನಾಲ್ಕು ತಿಂಗಳ ಮೇಲೆ. ಹೊಸ ಮೋಟಾರ್ ಹಾಕಿಸಿ, ಪೆಟ್ಟು ತಿಂದರೂ ಬುದ್ಧಿ ಬರದೆ ಅದೇ ವ್ಯವಸ್ಥೆ ಮುಂದುವರಿಸಿದ್ದೆ. ಒಂದು ದಿನ ಆ ಐದರಲ್ಲಿ ಒಂದು ಕಂಪನಿಯ ಇಮೇಲ್ ಬಂತು: ಹೊರಗಿನ ಆ್ಯಪ್‌ಗಳ ಜೊತೆಗಿನ ಜೋಡಣೆ ನಿಲ್ಲಿಸುತ್ತಿದ್ದೇವೆ, ಬೇಕಾದವರು ವರ್ಷಕ್ಕೆ ಇಷ್ಟು ಅಂತ ಕಟ್ಟಿ. ಎಸಿಯೂ ಆರು ಸ್ವಿಚ್ಚುಗಳೂ ನನ್ನ "ಒಂದೇ ಆ್ಯಪ್"ನಿಂದ ಮಾಯ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಇವರು ಅವರನ್ನು ಕೇಳಿ ಅಂದರು, ಅವರು ಇವರನ್ನು ಕೇಳಿ ಅಂದರು.

ಕಂಪನಿಗಳ ಹೆಸರು ಬರೆಯುವುದಿಲ್ಲ. ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ, ಹೊರದೇಶಗಳಲ್ಲೂ ಇದೇ ಆಗಿದೆ. ರಿವಾಲ್ವ್ ಅನ್ನುವ ಹಬ್ಬನ್ನು ಸುಮಾರು 300 ಡಾಲರ್ ಕೊಟ್ಟು ಕೊಂಡವರಿದ್ದರು. ಆ ಕಂಪನಿಯನ್ನು 2014ರಲ್ಲಿ ಗೂಗಲ್‌ನ ನೆಸ್ಟ್ ಕೊಂಡಿತು, 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು, ಹಬ್ ಬರೀ ಡಬ್ಬಿಯಾಯಿತು. ನೆಸ್ಟ್ ಸಾಮಾನುಗಳ ಜೊತೆ ಬೇರೆಯವರು ಜೋಡಿಸಿಕೊಳ್ಳುವ ಕಾರ್ಯಕ್ರಮವನ್ನೇ ಮುಚ್ಚುತ್ತೇವೆ ಎಂದು 2019ರಲ್ಲಿ ಗೂಗಲ್ ಹೇಳಿತು. ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ನಿಂತವು. ಕೊನೆಗೆ ಅದನ್ನು ಬಳಸುತ್ತಿದ್ದವರಲ್ಲೇ ಕೆಲವರು ಸೇರಿ ಕಂಪನಿ ಕೊಂಡು ಮತ್ತೆ ಶುರು ಮಾಡಿದರು. 2023ರ ನವೆಂಬರ್‌ನಲ್ಲಿ ಮೈಕ್ಯೂ ಗ್ಯಾರೇಜ್ ಬಾಗಿಲಿನ ಕಂಪನಿ, ತಾನು ಒಪ್ಪಿಗೆ ಕೊಡದ ಹೊರಗಿನ ಸಾಫ್ಟ್‌ವೇರ್‌ಗಳಿಗೆ ಕಿಟಕಿ ಮುಚ್ಚಿತು. ಅಂಥ ದೊಡ್ಡವರ ಗಿರಾಕಿಗಳ ಗತಿಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ನನ್ನ ಮೂರನೇ ಪೆಟ್ಟು ಎಲ್ಲಕ್ಕಿಂತ ಪೆದ್ದುತನದ್ದು. ಎಲ್ಲವನ್ನೂ ಬಿಚ್ಚಿ ಬೇರೆ ರೀತಿ ಜೋಡಿಸೋಣ ಅಂತ ಹೊರಟೆ. ಆ್ಯಪ್ ಬಿಡಲಿಲ್ಲ. "ಈ ಸಾಧನ ಬೇರೆ ಖಾತೆಯಲ್ಲಿದೆ" ಅಂದಿತು. ಆ ಹುಡುಗ ಎಲ್ಲವನ್ನೂ ತನ್ನ ಇಮೇಲ್‌ನಲ್ಲಿ ನೋಂದಾಯಿಸಿ, ನನಗೆ ಬರೀ ಸದಸ್ಯನ ಹಕ್ಕು ಕೊಟ್ಟಿದ್ದ. ಮನೆ ಯಜಮಾನ ಅವನು, ನಾನು ಬಾಡಿಗೆಯವ! ಕ್ಯಾಮೆರಾ ಕೂಡ ಅವನ ಖಾತೆಯಲ್ಲೇ ಇತ್ತು ಅಂತ ತಿಳಿದ ರಾತ್ರಿ ಮನೆಯವಳು ಎದ್ದು ಎರಡೂ ಕ್ಯಾಮೆರಾಗಳ ವೈರ್ ಕಿತ್ತಳು. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಬೇಗ ಮುಗಿಯಲಿ ಅಂತ ಮಾಡಿರಬೇಕು. ಆದರೆ ಆ ನಂಬರ್ ಈಗ ಸ್ವಿಚ್ ಆಫ್, ಊರು ಬಿಟ್ಟು ಹೈದರಾಬಾದಿಗೆ ಹೋದ ಅಂತ ಯಾರೋ ಹೇಳಿದರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ ಅಂತ ಕಾಗದ ಹುಡುಕಿದರೆ ನನ್ನ ಹತ್ತಿರ ಇದ್ದದ್ದು ಒಂದು ವಾಟ್ಸಾಪ್ ಕೊಟೇಶನ್, ಅದರ ಕೊನೆಗೆ ಕೈ ಮುಗಿಯುವ ಚಿತ್ರ. ಬಿಲ್ ಇಲ್ಲ, ಕರಾರಿಲ್ಲ. ಬಿಲ್ ಬಿಟ್ಟರೆ ರೇಟ್ ಕಡಿಮೆ ಅಂದಾಗ ಹೂಂ ಅಂದವನೂ ನಾನೇ ಅಲ್ವಾ.

ಈಗ ಏನು ಮಾಡಿದ್ದೇನೆ ಅಂದರೆ, ಮೊದಲು ನಮ್ಮ ಹಳೇ ಎಲೆಕ್ಟ್ರಿಷಿಯನ್ ಕಾಕಾನನ್ನು ಕರೆದೆ. ಅವರು ನೋಡಿ ನಕ್ಕರು. "ಒಂದು ಫ್ಲೋಟ್ ಸ್ವಿಚ್ ಹಾಕಿದ್ರ ಮುಗೀತಿತ್ತಲ್ಲೋ ತಮ್ಮಾ, ಇಷ್ಟೆಲ್ಲಾ ಯಾಕ?" ನೀರಿನಲ್ಲಿ ತೇಲುತ್ತಾ ಮಟ್ಟ ನೋಡಿ ತಾನೇ ಹಚ್ಚಿ ಆರಿಸುವ ಸ್ವಿಚ್ ಅದು. ಟ್ಯಾಂಕಿಗೊಂದು, ಸಂಪಿಗೊಂದು ಫ್ಲೋಟ್ ಹಾಕಿದರು. ಮೋಟಾರಿಗೆ ದೊಡ್ಡ ಕರೆಂಟ್ ತಾಳುವ ಕಾಂಟ್ಯಾಕ್ಟರ್ ಅನ್ನುವ ಸ್ವಿಚ್ ಹಾಕಿದರು. ಆ ಸ್ಮಾರ್ಟ್ ಸ್ವಿಚ್ 10 ಆಂಪಿಯರಿನದು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು. ಅದರೊಳಗೆ ಕರೆಂಟ್ ಕೂಡಿಸಿ ಕಡಿಯುವ ರಿಲೇ ಅಂಟಿಕೊಂಡರೆ ನೆಟ್ ಇದ್ದರೂ ಮೋಟಾರ್ ನಿಲ್ಲುವುದಿಲ್ಲ ಅಂದರು. ಈಗ ಫೋನಿನಿಂದಲೂ ಮೋಟಾರ್ ಹಚ್ಚಬಹುದು, ಆದರೆ ನಿಲ್ಲಿಸುವ ಕೊನೆ ಮಾತು ಫ್ಲೋಟಿನದು. ಅದಕ್ಕೆ ನೆಟ್ ಬೇಡ, ಖಾತೆ ಬೇಡ, ಪಾಸ್‌ವರ್ಡ್ ಬೇಡ.

ಉಳಿದದ್ದನ್ನು ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಬಂದು ಕೂಡಿಸಿದ. ಹಳೇ ಲ್ಯಾಪ್‌ಟಾಪಿನಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿದ. ಇದು ಪುಕ್ಕಟೆ ಸಾಫ್ಟ್‌ವೇರ್, ಮನೆಯೊಳಗೇ ಓಡುತ್ತದೆ. ಸೆನ್ಸರ್‌ಗಳ ಮಾತು ಕೇಳುವುದಕ್ಕೆ ಒಂದು ಜಿಗ್ಬಿ ಸ್ಟಿಕ್ ಚುಚ್ಚಿದ. ಜಿಗ್ಬಿ ಅಂದರೆ ಇಂಥ ಸಾಧನಗಳು ವೈರಿಲ್ಲದೆ ಮಾತಾಡಿಕೊಳ್ಳುವ ಒಂದು ರೀತಿ. ಮೊದಲ ದಿನ ಟ್ಯಾಂಕಿನ ಸೆನ್ಸರ್ ಸಿಗಲೇ ಇಲ್ಲ. ಸ್ಟಿಕ್ಕನ್ನು ನೇರ ಯುಎಸ್‌ಬಿ 3 ರಂಧ್ರಕ್ಕೆ ಹಾಕಿದರೆ ಅದರ ಗದ್ದಲದಲ್ಲಿ ಜಿಗ್ಬಿಗೆ ಏನೂ ಕೇಳಿಸುವುದಿಲ್ಲವಂತೆ. ಒಂದು ಉದ್ದ ವೈರ್ ಹಾಕಿ ದೂರ ಇಟ್ಟ. ಮೆಟ್ಟಿಲ ಹತ್ತಿರ ಕರೆಂಟಿನಲ್ಲಿ ನಡೆಯುವ ಜಿಗ್ಬಿ ಪ್ಲಗ್ ಒಂದನ್ನು ಸಿಕ್ಕಿಸಿದ. ಬ್ಯಾಟರಿಯಲ್ಲಿ ನಡೆಯುವ ಸಾಧನಗಳು ಬೇರೆಯವರ ಮಾತು ದಾಟಿಸುವುದಿಲ್ಲ, ಕರೆಂಟಿನವು ದಾಟಿಸುತ್ತವೆ. ಆಮೇಲೆ ಸರಿಹೋಯಿತು. ಇದೇನು ಸಲೀಸಾದ ಕೆಲಸ ಅಂತ ತಿಳಿಯಬೇಡಿ. ತಿಂಗಳಿಗೊಮ್ಮೆ ಏನಾದರೂ ತಲೆಬಿಸಿ ಇದ್ದೇ ಇದೆ, ಮನೆಯಲ್ಲಿ ಇಂಥ ಹುಡುಗ ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ.

ಹೊಸದಾಗಿ ಕೊಳ್ಳುವವರಿಗೆ ಅಂಗಡಿಯವರು "ಮ್ಯಾಟರ್ ಇದೆ ಸರ್" ಅನ್ನುತ್ತಾರೆ. ಅದು ಒಳ್ಳೆಯದೇ. ಅಮೆಜಾನ್, ಆಪಲ್, ಗೂಗಲ್, ಸ್ಯಾಮ್‌ಸಂಗ್ ಎಲ್ಲ ಇರುವ ಒಕ್ಕೂಟದ ಸಾಮಾನ್ಯ ಭಾಷೆ ಅದು, ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಮಾತು ಮನೆಯೊಳಗಿನ ನೆಟ್‌ವರ್ಕಿನಲ್ಲೇ ನಡೆಯುತ್ತದೆ, ಒಂದೇ ಸಾಧನವನ್ನು ಎರಡು ಮೂರು ಆ್ಯಪ್‌ಗಳಿಗೆ ಕೊಡಬಹುದು. ಆದರೆ ಎಲ್ಲ ಸೌಲಭ್ಯವೂ ಅದರಲ್ಲಿ ಸಿಗುತ್ತದೆ ಅಂತ ಅಲ್ಲ. ಆನ್, ಆಫ್ ಸಿಗುತ್ತದೆ, ಕಂಪನಿಯವರು ಹಾಡಿ ಹೊಗಳಿದ ವಿಶೇಷ ಅವರ ಆ್ಯಪ್‌ನಲ್ಲೇ ಉಳಿದಿರಬಹುದು. ಸಾಧನವನ್ನು ಆ್ಯಪ್‌ಗೆ ಸೇರಿಸಲು ಬೇಕಾಗುವ ಕ್ಯೂಆರ್ ಚೀಟಿ ಡಬ್ಬಿಯಲ್ಲಿ ಬರುತ್ತದೆ, ಸ್ವಿಚ್ ಕೂರಿಸುವ ಮೊದಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸ್ವಿಚ್ ಗೋಡೆಯೊಳಗೆ ಹೋದ ಮೇಲೆ ಆ ಚೀಟಿ ಗೋಡೆಯ ಪಾಲು.

ಕೊನೆಯ ಕಂತು ಕೊಡುವ ಮೊದಲು ಕೆಲಸ ಮಾಡಿದವನನ್ನು ಎದುರಿಗೆ ನಿಲ್ಲಿಸಿಕೊಂಡು ರೂಟರ್‌ಗೆ ಬರುವ ಇಂಟರ್ನೆಟ್ ವೈರನ್ನು ಮಾತ್ರ ಎಳೆಯಿರಿ. ರೂಟರ್ ಆರಿಸಬೇಡಿ, ಬರೀ ಹೊರಗಿನ ವೈರ್. ಆಮೇಲೆ ಲೈಟ್ ಹಚ್ಚಲು ಹೇಳಿ. ಸೆನ್ಸರ್ ಕೈಯಿಂದ ಮುಚ್ಚಿ ಮೋಟಾರ್ ನಿಲ್ಲಿಸಲು ಹೇಳಿ. ನಂತರ ಕರೆಂಟ್ ತೆಗೆದು ಮತ್ತೆ ಕೊಟ್ಟು ನೋಡಿ. ಕೆಲವು ಸ್ವಿಚ್‌ಗಳು ಕರೆಂಟ್ ಬಂದ ಕೂಡಲೇ ತಾವಾಗಿಯೇ ಆನ್ ಆಗುತ್ತವೆ, ಗೀಜರ್‌ಗೆ ಅಂಥದ್ದು ಹಾಕಿದರೆ ಕಷ್ಟ. ಎಲ್ಲ ಮುಗಿದ ಮೇಲೆ ಆ್ಯಪ್‌ನಲ್ಲಿ ಯಜಮಾನನ ಜಾಗದಲ್ಲಿ ಯಾರ ಇಮೇಲ್ ಇದೆ ಅಂತ ಓದಿ. ಆಮೇಲೆ ದುಡ್ಡು.

ನಮ್ಮ ಹಾಲಿನ ಎರಡು ಸ್ವಿಚ್‌ಗಳು ಇನ್ನೂ ಆ ಹುಡುಗನ ಖಾತೆಯಲ್ಲೇ ಇವೆ. ರೀಸೆಟ್ ಬಟನ್ ಒತ್ತಲು ಪ್ಲೇಟ್ ಬಿಚ್ಚಬೇಕು. ಬಿಚ್ಚಿದರೆ ಮೊನ್ನೆ ಮೊನ್ನೆ ಹೊಡೆಸಿದ ಪೇಂಟ್ ಏಳುತ್ತದೆ ಅಂತ ಮನೆಯವಳು ಬಿಡುತ್ತಿಲ್ಲ. ಸದ್ಯಕ್ಕೆ ಅವನ್ನು ಕೈಯಿಂದಲೇ ಹಚ್ಚುತ್ತೇವೆ.