ಅಂಕೋಲೆಯಲ್ಲಿ ಮಾಡಿಸಿದ ಕಬ್ಬಿಣದ ಕೋಳಿಗೂಡು: ಎಳೆ ಮರಿಗಳಿಗೆ ಎಷ್ಟು ಯೋಗ್ಯ?

ಮನೆಯೊಳಗೆ ಬಲ್ಬಿನ ಕಾವಿನಲ್ಲಿ ಬೆಳೆದ ಗಿರಿರಾಜ ತಳಿಯ ಕೋಳಿಮರಿಗಳನ್ನು ಹಿತ್ತಲಿಗೆ ಸಾಗಿಸಬೇಕಾಗಿದ್ದರಿಂದ ಅಂಕೋಲಾ ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಈ ಗೂಡನ್ನು ಮಾಡಿಸಿದೆವು. 4 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿಯ ಕಾಲುಗಳು, ಮೇಲೆ ಇಳಿಜಾರಾದ ತಗಡಿನ ಮಾಡು. ಮನೆಗೆ ತಲುಪಿಸಿದ್ದೂ ಸೇರಿ 9,000 ರೂಪಾಯಿ ಆಯಿತು. ಬೆಳೆದ ಕೋಳಿಗಳಿಗೆ ಇದು ಬಹಳ ಒಳ್ಳೆಯ ಗೂಡು. ಆರು ವಾರದ ಮರಿಗಳಿಗೆ ಮಾತ್ರ ಅಂಗಡಿಯಿಂದ ಬಂದ ಹಾಗೆಯೇ ಬಳಸುವಂಥದ್ದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಪ್ರತಿ ಕಾಲಿನ ನಡುವೆ ಅಂಗೈಯಗಲದ ಕಬ್ಬಿಣದ ಬಟ್ಟಲೊಂದನ್ನು ಬೆಸೆದಿದ್ದಾರೆ. ಅದರಲ್ಲಿ ನೀರು ತುಂಬಿ ಎರಡು ಹನಿ ಹಳೆಯ ಎಂಜಿನ್ ಆಯಿಲ್ ಬಿಟ್ಟರೆ ಇರುವೆಗಳು ಗೂಡಿಗೆ ಹತ್ತುವುದಿಲ್ಲ, ಸೊಳ್ಳೆಯ ಮರಿಯೂ ಆಗುವುದಿಲ್ಲ. ಸಾಲುಗಟ್ಟಿ ಬರುವ ಕೆಂಪಿರುವೆಗಳು ಎಳೆ ಮರಿಗಳನ್ನು ರಾತ್ರಿಯಲ್ಲಿ ಎಷ್ಟು ಹಿಂಸಿಸುತ್ತವೆ ಎಂಬುದನ್ನು ಕಂಡವರಿಗೆ ಈ ಬಟ್ಟಲಿನ ಬೆಲೆ ಗೊತ್ತಾಗುತ್ತದೆ. ಕೆಳಗಿನ ತಟ್ಟೆಯನ್ನು ಎಳೆದು ಹಿಕ್ಕೆ ತೆಗೆಯುವ ವ್ಯವಸ್ಥೆಯೂ ಚೆನ್ನಾಗಿದೆ.

ಕೊರತೆ ಇರುವುದು ಬಲೆಯಲ್ಲಿ. ನೆಲಕ್ಕೆ ಹಾಕಿದ್ದು ಒಂದು ಇಂಚಿನ ಕಣ್ಣಿನ ಬಲೆ. ಬೆಳೆದ ಹೇಂಟೆ ಅದರ ಮೇಲೆ ಸಲೀಸಾಗಿ ನಿಲ್ಲುತ್ತದೆ, ಆದರೆ ಮರಿಯ ಕಾಲು ಸಂದಿಯಲ್ಲಿ ಇಳಿದು ಸಿಕ್ಕಿಬೀಳುತ್ತದೆ. ಅದರ ಮೇಲೆ ಗೋಣಿಚೀಲ ಹಾಸಿ ಭತ್ತದ ಉಮಿಯನ್ನು ಎರಡು ಇಂಚು ದಪ್ಪ ಹರಡಿದ ನಂತರವೇ ಮರಿಗಳನ್ನು ಬಿಟ್ಟೆವು. ಒದ್ದೆಯಾದ ಉಮಿಯನ್ನು ಆಗಿಂದಾಗ್ಗೆ ತೆಗೆಯಲೇಬೇಕು, ಏಕೆಂದರೆ ರಕ್ತಭೇದಿ ತರುವ ಕಾಕ್ಸಿಡಿಯಾ ಪರೋಪಜೀವಿ ಬಲಗೊಳ್ಳುವುದೇ ತೇವದ ಹಾಸಿನಲ್ಲಿ. ಪಕ್ಕಗಳಿಗೆ ಬಳಸಿದ ತೆಳ್ಳಗಿನ ಆರು ಮೂಲೆಯ ಕೋಳಿಬಲೆ ಕೋಳಿಯನ್ನು ಒಳಗೆ ಇರಿಸುತ್ತದೆಯೇ ಹೊರತು ಮುಂಗುಸಿಯನ್ನೋ ಕಬ್ಬೆಕ್ಕನ್ನೋ ಹೊರಗೆ ಇರಿಸುವಷ್ಟು ಗಟ್ಟಿಯಲ್ಲ, ಸಣ್ಣ ಹಾವಿಗೂ ಅದರಲ್ಲಿ ದಾರಿ ಸಿಗುತ್ತದೆ. ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ (ತಂತಿಗಳನ್ನು ಬೆಸೆದು ಮಾಡಿದ ಗಟ್ಟಿ ಬಲೆ) ಹಾಕಿಸಿಕೊಳ್ಳಿ. ಹೆಚ್ಚಿನ ಹಣ ಕೊಟ್ಟರೆ ಇದೇ ಅಂಗಡಿಯವರು ಹಾಕಿಕೊಡುತ್ತಾರೆ, ನಮಗೂ ಆಮೇಲೆ ಹಾಗೆಯೇ ಬದಲಿಸಿಕೊಟ್ಟರು.

ಇನ್ನೊಂದು ಮಾತು ಕರಾವಳಿಯವರಿಗೇ ಸೇರಿದ್ದು. ಸತುವಿನ ಲೇಪವಿರುವ ಕಬ್ಬಿಣವನ್ನು ಬೆಸೆದಾಗ ಆ ಜಾಗದ ಲೇಪ ಸುಟ್ಟುಹೋಗುತ್ತದೆ, ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯಲು ಆರಂಭವಾಗುವುದೂ ಅಲ್ಲಿಂದಲೇ. ನಮ್ಮ ಗೂಡಿನ ಬಾಗಿಲ ಮೂಲೆಗಳಲ್ಲಿ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕೆಂಪು ಕಲೆ ಕಾಣಿಸಿಕೊಂಡಿತು. ಬೆಸುಗೆಗಳ ಮೇಲೆ ಸತುವಿನ ಪ್ರೈಮರ್ ಬಳಿದು ಕೊಡಿ ಎಂದು ಮುಂಗಡ ಕೊಡುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ತಗಡಿನ ಮಾಡು ಬೇಸಿಗೆಯಲ್ಲಿ ವಿಪರೀತ ಕಾಯುತ್ತದೆ. ಮೇಲೆ ತೆಂಗಿನ ಮಡಲು ಹೊದಿಸಿದರೆ ಸಾಕು.

ಮರಿಗಳನ್ನು ಸಾಗಿಸುವ ಕ್ರಮಕ್ಕೆ ಈ ಗೂಡು ಹೇಗೆ ಒದಗುತ್ತದೆ ಎಂಬುದನ್ನೂ ಹೇಳಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕಾಗುವ ಮರಿಗೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಂದರೆ ಐದಾರು ವಾರಗಳಲ್ಲಿ ಅದು ಹೊರಗಿನ ಹವೆಗೆ ಒಗ್ಗುತ್ತದೆ. ದಿನದ ಲೆಕ್ಕಕ್ಕಿಂತ ಎದೆಯ ಮೇಲೂ ರೆಕ್ಕೆಯ ಕೆಳಗೂ ನಯವಾದ ತುಪ್ಪಳ ಹೋಗಿ ಗರಿ ತುಂಬಿದೆಯೇ ಎಂದು ಕೈಯಲ್ಲಿ ಹಿಡಿದು ನೋಡುವುದೇ ಸರಿಯಾದ ಪರೀಕ್ಷೆ. ಮೊದಲು ಬಿಸಿಲೇರಿದ ಮೇಲೆ ಕೆಲವು ತಾಸು ಗೂಡಿನಲ್ಲಿಟ್ಟು ಸಂಜೆ ಒಳಗೆ ತರಬೇಕು, ಆಮೇಲೆ ರಾತ್ರಿಯೂ ಬಿಡಬಹುದು. ಬಲ್ಬಿನ ಬೆಳಕು ತಪ್ಪಿದ ಮೊದಲ ರಾತ್ರಿಗಳಲ್ಲಿ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆಯಾಗಿ ಬೀಳುತ್ತವೆ, ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಈ ಗೂಡಿನಲ್ಲಿ ಬಲ್ಬು ತೂಗುಹಾಕಲು ಕೊಕ್ಕೆಯೇ ಇಲ್ಲ. ಮಾಡಿನ ಅಡ್ಡಪಟ್ಟಿಗೆ ತಂತಿ ಬಿಗಿದು, ನಾಲ್ಕೂ ಮೂಲೆಗಳಿಗೆ ರಟ್ಟನ್ನು ಬಾಗಿಸಿ ನಿಲ್ಲಿಸಿದ ಮೇಲೆ ಒಂದು ಮರಿಯೂ ಸಾಯಲಿಲ್ಲ. ಒಳಗೆ ಬಳಸುತ್ತಿದ್ದ ನೀರಿನ ಪಾತ್ರೆಯನ್ನೇ ಗೂಡಿನಲ್ಲೂ ಇಟ್ಟದ್ದರಿಂದ ಅವು ತಡಮಾಡದೆ ಕುಡಿದವು. ದೊಡ್ಡ ಕೋಳಿಗಳ ಜೊತೆಗೆ ಇದೇ ಗೂಡಿನಲ್ಲಿ ಮರಿಗಳನ್ನು ಕೂಡಿಹಾಕಬೇಡಿ: ಕುಕ್ಕುವುದು ಒಂದಾದರೆ, ಮೊಟ್ಟೆಕೋಳಿಯ ಆಹಾರದಲ್ಲಿರುವ ಸುಣ್ಣದ ಅಂಶ ಮರಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

12 ಚದರ ಅಡಿಯ ಈ ಜಾಗ ಆರು ವಾರದ ಹನ್ನೆರಡು ಮರಿಗಳಿಗೆ ಸಾಕಾಗುತ್ತದೆ. ಹಗಲು ಹೊರಗೆ ಮೇಯುವ ಕೋಳಿಗಳಾದರೆ, ಬೆಳೆದ ಮೇಲೆ ರಾತ್ರಿಗೆ ಎಂಟು ಹತ್ತಕ್ಕಿಂತ ಹೆಚ್ಚು ಬೇಡ. ತುಂಬಿದ ಗೂಡನ್ನು ಇಬ್ಬರು ಸೇರಿದರೂ ಸರಿಸುವುದು ಕಷ್ಟ, ಆದ್ದರಿಂದ ಇಳಿಸುವಾಗಲೇ ಬಾಗಿಲು ಪೂರ್ವಕ್ಕೆ ಬರುವಂತೆ ಇಡಿಸಿಕೊಳ್ಳಿ. ಜೂನ್ ತಿಂಗಳ ಪಡುವಣ ಗಾಳಿಯ ಎರಚಲು ಆಗ ಹಿಂಬದಿಗೆ ಹೊಡೆಯುತ್ತದೆ, ಅಲ್ಲಿಗೆ ಒಂದು ತಾಡಪತ್ರಿ ಕಟ್ಟಿದರೆ ಉಮಿ ಒಣಗಿಯೇ ಇರುತ್ತದೆ.